ಪಿಬಿಸಿ, ಪಿಎಸ್‌ಸಿ ಪೇಷಂಟ್‌ಗಳನ್ನ ಫಾಲೋ ಮಾಡೋದು: ನನ್ನ ಅನುಭವ

ಲಿವರ್ ಕ್ಲಿನಿಕ್‌ನಲ್ಲಿ ಪಿಬಿಸಿ (ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್), ಪಿಎಸ್‌ಸಿ (ಪ್ರೈಮರಿ ಸ್ಕ್ಲಿರೋಸಿಂಗ್ ಕೊಲಾಂಜೈಟಿಸ್) ಅನ್ನೋ ಪಿತ್ತನಾಳದ ಕಾಯಿಲೆ ಇರೋರನ್ನ ನೋಡ್ತಾ ನೋಡ್ತಾ ನಂಗೆ ಗಟ್ಟಿಯಾಗಿ ಅನ್ಸಿರೋದು ಒಂದೇ, ಇವತ್ತಿನ ರಿಪೋರ್ಟ್ ಒಂದನ್ನೇ ಕೈಲಿ ಹಿಡ್ಕೊಂಡು ಏನೂ ಹೇಳಕ್ಕಾಗಲ್ಲ. ಹಳೇದೆಲ್ಲ ಪಕ್ಕದಲ್ಲಿಟ್ಟು ನೋಡಿದ್ರೆ ಮಾತ್ರ ಕಾಯಿಲೆ ಯಾವ ಕಡೆ ಹೊರಟಿದೆ ಅಂತ ಗೊತ್ತಾಗೋದು. ಯಾಕಂದ್ರೆ ಇವು ಹತ್ತಿಪ್ಪತ್ತು ವರ್ಷ ಜೊತೆಗೇ ಇರೋ ಕಾಯಿಲೆಗಳು, ನಿಧಾನ.

ಅದಕ್ಕೆ ನಾನು ಪ್ರತಿ ಪೇಷಂಟ್‌ಗೂ ಒಂದೇ ಒಂದು ಹಾಳೆ ಇಡ್ತೀನಿ. ತಾರೀಖು, ತೂಕ, ಎಎಲ್‌ಪಿ (ಪಿತ್ತ ಸರಿಯಾಗಿ ಹರೀದಿದ್ರೆ ರಕ್ತದಲ್ಲಿ ಏರೋ ಕಿಣ್ವ), ಬಿಲಿರುಬಿನ್ (ಕಾಮಾಲೆಲಿ ಏರೋ ಹಳದಿ ವಸ್ತು), ಆಲ್ಬುಮಿನ್ (ಲಿವರ್ ಮಾಡೋ ಪ್ರೋಟೀನ್), ಪ್ಲೇಟ್‌ಲೆಟ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟೋ ಟೆಸ್ಟ್), ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಸ್ಕ್ಯಾನ್), ಕೊನೇ ಕಾಲಮ್‌ನಲ್ಲಿ ತುರಿಕೆಗೆ ಹತ್ತಕ್ಕೆ ಎಷ್ಟು ಅಂತ ಅವರೇ ಹೇಳಿದ ನಂಬರ್. ಎಎಲ್‌ಪಿನ ಬರೀ ನಂಬರ್ ಆಗಿ ಬರೆಯಲ್ಲ, ಆ ಲ್ಯಾಬ್‌ನ ನಾರ್ಮಲ್‌ನ ಮೇಲಿನ ಮಿತಿಗೆ ಎಷ್ಟು ಪಟ್ಟು ಅಂತ ಬರೀತೀನಿ. ಲ್ಯಾಬ್ ಬದಲಾದ್ರೆ ಮಿತಿನೂ ಬದಲಾಗತ್ತೆ, ಇಲ್ಲಿ 180 ಅಲ್ಲಿ 240 ಅಂತ ನೋಡಿ ಪೇಷಂಟ್ ಸುಮ್ಸುಮ್ನೆ ಹೆದರೋದು ಬೇಡ ಅಂತ. ಎಎಲ್‌ಪಿ ಮೂಳೆಯಿಂದಾನೂ ಏರತ್ತೆ, ಡೌಟ್ ಬಂದ್ರೆ ಜಿಜಿಟಿ ಅನ್ನೋ ಇನ್ನೊಂದು ಕಿಣ್ವ ನೋಡಿದ್ರೆ ಲಿವರ್ ಕಡೇದಾ ಅಂತ ತಿಳಿಯತ್ತೆ.

ಪಿಬಿಸಿ ಲಿವರ್ ಒಳಗಿನ ಸಣ್ಣ ಸಣ್ಣ ನಾಳಗಳಿಗೆ ಬರೋದು, ಹೆಚ್ಚಾಗಿ ನಡುವಯಸ್ಸಿನ ಹೆಂಗಸರಿಗೆ. ಇದಕ್ಕೆ ಮೊದಲ ಔಷಧಿ ಯುಡಿಸಿಎ (ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಮಾತ್ರೆ), ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 13ರಿಂದ 15 ಮಿಗ್ರಾಂ. ತೂಕದ ಕಾಲಮ್ ಇರೋದು ಇದಕ್ಕೇನೇ. 45 ಕೆಜಿ ಇದ್ದಾಗ ದಿನಕ್ಕೆ 600 ಮಿಗ್ರಾಂ ಶುರು ಮಾಡಿರ್ತಾರೆ, ಆಮೇಲೆ ಪೇಷಂಟ್ 62 ಕೆಜಿ ಆಗಿದ್ರೂ ಚೀಟಿಲಿ ಅದೇ 600 ಕಾಪಿ ಆಗ್ತಾ ಬಂದಿರತ್ತೆ, ಆಗ ಲೆಕ್ಕ ಹಾಕಿದ್ರೆ ಕೆಜಿಗೆ 10 ಕೂಡ ಬರ್ತಿಲ್ಲ. ಔಷಧಿ ಕೆಲಸ ಮಾಡ್ತಿಲ್ಲ ಅನ್ನೋಕೆ ಮುಂಚೆ ಇದನ್ನ ನೋಡ್ಲೇಬೇಕು.

ಒಬ್ಬರು ಹೀಗೇ ಬಂದಿದ್ರು, ಡೋಸ್ ಸರಿಯಾಗೇ ಇತ್ತು, ಆದ್ರೂ ಮೊದಲು ಇಳಿದಿದ್ದ ಎಎಲ್‌ಪಿ ಮತ್ತೆ ಮೇಲೆ. ಮಾತ್ರೆಗಳನ್ನೆಲ್ಲ ಟೇಬಲ್ ಮೇಲೆ ಇಟ್ಟು ಯಾವುದು ಯಾವಾಗ ತಗೋತೀರಮ್ಮ ಅಂತ ಒಂದೊಂದಾಗಿ ಕೇಳ್ದೆ. "ಮರೆತು ಹೋಗತ್ತೆ ಡಾಕ್ಟ್ರೇ, ಅದಕ್ಕೆ ತುರಿಕೆ ಪುಡಿನೂ ಇದನ್ನೂ ಒಟ್ಟಿಗೇ ತಗೊಂಡ್ಬಿಡ್ತೀನಿ" ಅಂದ್ರು. ಆ ಪುಡಿ ಕೊಲೆಸ್ಟೈರಮೈನ್, ಅದು ಕರುಳಲ್ಲಿ ಯುಡಿಸಿಎನೇ ಹಿಡ್ಕೊಂಡು ಹೊರಗೆ ಹಾಕ್ಬಿಡತ್ತೆ. ಎರಡರ ಮಧ್ಯೆ 4 ಗಂಟೆ ಬಿಡಿಸಿದ್ವಿ, ಮುಂದಿನ ರಿಪೋರ್ಟ್‌ಗಳಲ್ಲಿ ಎಎಲ್‌ಪಿ ಕೆಳಗೆ ಬಂತು, ಹೊಸ ಔಷಧಿ ಏನೂ ಸೇರಿಸ್ಲಿಲ್ಲ. ಹಾಗಾಗಿ ಮಾತ್ರೆ ಟೈಮ್ ಕೇಳೋದು ನನ್ನ ಪ್ರಕಾರ ಸ್ಕ್ಯಾನ್‌ನಷ್ಟೇ ಮುಖ್ಯ.

ಇಷ್ಟೆಲ್ಲ ಸರಿ ಇದ್ದು, ಒಂದು ವರ್ಷ ಆದ್ಮೇಲೂ ಎಎಲ್‌ಪಿ ನಾರ್ಮಲ್ ಮಿತಿಯ ಒಂದೂವರೆ ಪಟ್ಟಿಗಿಂತ ಮೇಲೇ ನಿಂತಿದ್ರೆ ಅಥವಾ ಬಿಲಿರುಬಿನ್ ಏರಿದ್ರೆ ಎರಡನೇ ಔಷಧಿ ಬಗ್ಗೆ ಮಾತು ಶುರು ಮಾಡ್ತೀನಿ. ಎಲಾಫಿಬ್ರಾನಾರ್, ಸೆಲಡೆಲ್ಪಾರ್ ಅಂತ ಎರಡಕ್ಕೆ 2024ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ, ರಕ್ತದ ಕೊಬ್ಬು ಇಳಿಸೋ ಫೈಬ್ರೇಟ್‌ಗಳನ್ನಂತೂ ಅದಕ್ಕೂ ಮೊದಲಿಂದ ಬಳಸ್ತಾ ಇದ್ದಾರೆ.

ರಿಪೋರ್ಟ್ ಚೆನ್ನಾಗಿದೆ ಅಂದ್ರೆ ಪೇಷಂಟ್ ಚೆನ್ನಾಗಿದ್ದಾರೆ ಅಂತಲ್ಲ, ಇದು ನಂಗೆ ತುಂಬಾ ಮುಖ್ಯ. ಪಿಬಿಸಿಲಿ ಸುಸ್ತು ಮತ್ತೆ ತುರಿಕೆ ಕಾಯಿಲೆ ಎಷ್ಟು ಮುಂದುವರಿದಿದೆ ಅನ್ನೋದರ ಜೊತೆ ಹೊಂದಲ್ಲ, ಎಎಲ್‌ಪಿ ನಾರ್ಮಲ್ ಇರೋರೂ ರಾತ್ರಿ ಅಂಗೈ ಅಂಗಾಲು ಕೆರ್ಕೊಂಡು ನಿದ್ದೆ ಇಲ್ದೆ ಇರ್ತಾರೆ. ಚರ್ಮದ ಮೇಲೆ ಗುಳ್ಳೆ ಏನೂ ಕಾಣಲ್ಲ, ಹಾಗಾಗಿ ಮನೇವ್ರೂ ನಂಬಲ್ಲ. ತಾವಾಗೇ ಹೇಳಲ್ಲ, ಕೇಳ್ಬೇಕು. ಸುಸ್ತು ಅಂದ್ರೆ ಥೈರಾಯ್ಡ್, ಹಿಮೋಗ್ಲೋಬಿನ್ ನೋಡ್ತೀನಿ, ಪಿಬಿಸಿ ಜೊತೆ ಥೈರಾಯ್ಡ್ ತೊಂದರೆ ಸಾಮಾನ್ಯ. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡೋಕೆ ಡೆಕ್ಸಾ ಸ್ಕ್ಯಾನ್, ಜೊತೆಗೆ ವಿಟಮಿನ್ ಡಿ. ಕಾಮಾಲೆ ಇದ್ದು ಐಎನ್‌ಆರ್ ಏರಿದ್ರೆ ಮೊದಲು ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು ನೋಡೋದು, ಇಳಿದ್ರೆ ಅದು ವಿಟಮಿನ್ ಹೀರ್ಕೊಳ್ಳದೇ ಇದ್ದಿದ್ದು, ಇಳೀದಿದ್ರೆ ಲಿವರ್ರೇ ಸೋಲ್ತಿದೆ.

ಪಿಎಸ್‌ಸಿ ಬೇರೆ ಥರ. ದೊಡ್ಡ ನಾಳಗಳೂ ಅಲ್ಲಲ್ಲಿ ಕಿರಿದಾಗತ್ತೆ, ಗಂಡಸರಲ್ಲಿ ಜಾಸ್ತಿ, ಬಹಳಷ್ಟು ಜನಕ್ಕೆ ಕರುಳಿನ ಉರಿಯೂತಾನೂ (ಕೊಲೈಟಿಸ್) ಇರತ್ತೆ. ಇಲ್ಲಿ ಎಎಲ್‌ಪಿ ತಾನಾಗೇ ಏರತ್ತೆ, ತಾನಾಗೇ ಇಳಿಯತ್ತೆ, ಇಳೀತು ಅಂತ ಖುಷಿಪಟ್ಟು ಕೂರೋ ಹಾಗಿಲ್ಲ. ನಾವು ನಿಜವಾಗ್ಲೂ ಕಣ್ಣಿಟ್ಟಿರೋದು ಪಿತ್ತನಾಳದ ಕ್ಯಾನ್ಸರ್ ಮೇಲೆ, ಅದಕ್ಕೆ ವರ್ಷಕ್ಕೊಂದು ಎಂಆರ್‌ಐ ಜೊತೆ ಎಂಆರ್‌ಸಿಪಿ (ಪಿತ್ತನಾಳಗಳನ್ನ ತೋರಿಸೋ ಎಂಆರ್‌ಐ), ಹಿಂದಿನ ಫಿಲ್ಮ್ ಪಕ್ಕಕ್ಕಿಟ್ಟು ಓದಿ ಅಂತ ರೇಡಿಯಾಲಜಿಸ್ಟ್‌ಗೆ ಚೀಟಿಲೇ ಬರೀತೀನಿ. ಕ್ಯಾನ್ಸರ್ ಸುಳಿವಿಗೆ ನೋಡೋ ಸಿಎ 19-9 ರಕ್ತ ಪರೀಕ್ಷೆ ಒಂದನ್ನೇ ನಂಬಲ್ಲ, ನಾಳದಲ್ಲಿ ಸೋಂಕಾದ್ರೂ ಏರತ್ತೆ, ಇನ್ನು ಕೆಲವರ ದೇಹ ಅದನ್ನ ತಯಾರೇ ಮಾಡಲ್ಲ. ಪಿತ್ತಕೋಶದಲ್ಲಿ ಪಾಲಿಪ್ (ಒಳಗೋಡೆ ಮೇಲಿನ ಸಣ್ಣ ಗಡ್ಡೆ) 8 ಮಿಮೀ ಅಥವಾ ಜಾಸ್ತಿ ಇದ್ರೆ ಸರ್ಜನ್ ಹತ್ರ ಕಳಿಸ್ತೀನಿ. ಕೊಲೈಟಿಸ್ ಇರೋರಿಗೆ ಭೇದಿ, ರಕ್ತ ಏನೂ ಇಲ್ದಿದ್ರೂ ಕರುಳಿನ ಕ್ಯಾನ್ಸರ್ ಬೇಗ ಹಿಡಿಯೋಕೆ ಅಂತ ವರ್ಷಕ್ಕೊಂದು ಕೊಲೊನೋಸ್ಕೋಪಿ, ಬಯಾಪ್ಸಿ ಸಮೇತ. "ಹೊಟ್ಟೆ ಆರಾಮಾಗಿದೆಯಲ್ಲ, ಯಾಕೆ ಡಾಕ್ಟ್ರೇ?" ಅಂತ ಎಲ್ರೂ ಕೇಳ್ತಾರೆ, ಕೂರಿಸ್ಕೊಂಡು ವಿವರಿಸ್ತೀನಿ, ಯಾಕೆ ಅಂತ ಗೊತ್ತಿದ್ದೋರೇ ಮುಂದಿನ ವರ್ಷ ಬರೋದು.

ಎರಡರಲ್ಲಿ ಯಾವುದೇ ಇರ್ಲಿ, ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗೋದು) ಆಗಿದ್ರೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಸೇರತ್ತೆ.

ಪಿಎಸ್‌ಸಿ ಪೇಷಂಟ್ ಕೈಗೆ ಒಂದು ಚೀಟಿ ಬರೆದು ಕೊಟ್ಟಿರ್ತೀನಿ: ಚಳಿ ಜ್ವರ, ಬಲಗಡೆ ಮೇಲ್ಹೊಟ್ಟೆ ನೋವು, ಕಣ್ಣು ಹಳದಿ, ಇವುಗಳಲ್ಲಿ ಯಾವುದು ಬಂದ್ರೂ ಅಪಾಯಿಂಟ್‌ಮೆಂಟ್ ಕಾಯ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ, ಈ ಚೀಟಿ ತೋರಿಸಿ. ರಾತ್ರಿ ಡ್ಯೂಟಿ ಡಾಕ್ಟರ್‌ಗೆ ಈ ಕಾಯಿಲೆ ಪರಿಚಯ ಇರಲೇಬೇಕು ಅಂತೇನಿಲ್ಲ, ಚೀಟಿ ಇದ್ರೆ ಆಂಟಿಬಯಾಟಿಕ್ ತಡ ಆಗಲ್ಲ. ಇನ್ನು ಬಿಲಿರುಬಿನ್ 3 ದಾಟ್ತಿದೆ, ಇಳೀತಿಲ್ಲ, ಅಥವಾ ಲಿವರ್ ಎಷ್ಟು ಹದಗೆಟ್ಟಿದೆ ಅಂತ ಹೇಳೋ ಮೆಲ್ಡ್ ಸ್ಕೋರ್ 15 ಮುಟ್ತಿದೆ ಅಂತ ಹಾಳೇಲಿ ಕಂಡ್ರೆ ಟ್ರಾನ್ಸ್‌ಪ್ಲಾಂಟ್ ಟೀಮ್‌ಗೆ ಕಳಿಸ್ಬಿಡ್ತೀನಿ, ಜೊತೆಗೆ ಆ ಹಾಳೇದೇ ಒಂದು ಜೆರಾಕ್ಸ್.