ಮುತ್ತಜ್ಜ ಯಾವ ಹೆಸರಲ್ಲಿದ್ದಾರೆ? ಹಳೆಯ ದಾಖಲೆಯಲ್ಲಿ ಹೀಗೆ ಹುಡುಕಿ

ಮನೆಯಲ್ಲಿ ಎಲ್ಲರೂ ಬಸವಣ್ಣೆಪ್ಪ ಅನ್ನುವ ಮುತ್ತಜ್ಜ ಹಳೆಯ ಕಾಗದದಲ್ಲಿ ಬಸಪ್ಪ ಆಗಿರಬಹುದು, ಬಸ್ಯಾ ಕೂಡ ಆಗಿರಬಹುದು. ಓದು ಬಾರದವರು ಹೆಸರನ್ನು ಬಾಯಲ್ಲಿ ಹೇಳುತ್ತಿದ್ದರು. ಶಾನುಭೋಗರೋ ಕುಲಕರ್ಣಿಯೋ ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದರು.

ಮೊದಲು ಮನೆಯ ಹಿರಿಯರ ಹತ್ತಿರ ಕೂತು ಕರೆಯುವ ಹೆಸರು, ಅಡ್ಡಹೆಸರು, ಮನೆದೇವರು ಎಲ್ಲವನ್ನೂ ಬರೆದುಕೊಳ್ಳಿ. ಆಮೇಲೆ ಹೆಸರಿನ ಬಾಲ ಬಿಟ್ಟು ಹುಡುಕಿ. ತಿಮ್ಮಪ್ಪ, ತಿಮ್ಮಯ್ಯ, ತಿಮ್ಮಣ್ಣ ಮೂವರೂ ಒಬ್ಬರೇ ಇರಬಹುದು, ಅಲ್ವಾ?

1956ಕ್ಕೆ ಮುಂಚೆ ನಿಮ್ಮ ಊರು ಯಾರ ಆಡಳಿತದಲ್ಲಿತ್ತು ಅಂತಲೂ ನೋಡಿ. ಬೆಳಗಾವಿ, ಧಾರವಾಡದ ಕಡೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದ ಸಿಗುತ್ತದೆ. ಅದರಲ್ಲಿ ಇ-ಈ, ಉ-ಊ ವ್ಯತ್ಯಾಸ ಸಾಮಾನ್ಯವಾಗಿ ಇರುವುದಿಲ್ಲ. ನಿಜಾಮರ ಕೈಯಲ್ಲಿದ್ದ ಕಲಬುರಗಿ, ಬೀದರ್, ರಾಯಚೂರಲ್ಲಿ ಉರ್ದು. ಉರ್ದುವಿನಲ್ಲಿ ಳ, ಣ ಇಲ್ಲ, ಹ್ರಸ್ವ ಸ್ವರ ಬರೆಯುವುದೂ ಕಡಿಮೆ. ಹಾಗಾಗಿ ಕಾಳಪ್ಪ ಸಿಗದಿದ್ದರೆ ಕಾಲಪ್ಪ ಅಂತ ಹುಡುಕಿ. ಇಂಗ್ಲಿಷ್ ದಾಖಲೆಯಲ್ಲಿ ತ-ಟ, ದ-ಡ ಕಲಸಿಹೋಗಿರುತ್ತವೆ.

ವಂಶದ ಹಳೆಯ ದಾಖಲೆ ಹುಡುಕುವ ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಅನುಮಾನ ಇರುವ ಒಂದು ಅಕ್ಷರದ ಜಾಗಕ್ಕೆ ಪ್ರಶ್ನೆ ಚಿಹ್ನೆ, ಎಷ್ಟೋ ಅಕ್ಷರಗಳ ಜಾಗಕ್ಕೆ ನಕ್ಷತ್ರ ಚಿಹ್ನೆ ಹಾಕಬಹುದು. ಒಂದೇ ಥರ ಕೇಳಿಸುವ ಹೆಸರುಗಳನ್ನು ಒಟ್ಟು ಮಾಡುವ ಸೌಂಡೆಕ್ಸ್ ಪದ್ಧತಿಗೆ 1918ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಆದರೆ ಅದು ಇಂಗ್ಲಿಷ್ ಉಚ್ಚಾರಕ್ಕೆ ಮಾಡಿದ್ದು. ನಮ್ಮ ಹೆಸರುಗಳಿಗೆ ಅದನ್ನೇ ನಂಬಬೇಡಿ.

ಜಮೀನಿದ್ದ ಮನೆತನವಾದರೆ ಹೆಸರಿಗಿಂತ ಸರ್ವೆ ನಂಬರ್ ಹಿಡಿಯುವುದೇ ಒಳ್ಳೆಯದು. ಹೆಸರು ಹತ್ತು ಥರ ಬದಲಾದರೂ ಹೊಲ ಅಲ್ಲೇ ಇರುತ್ತದೆ. ಈಗಿನ ಪಹಣಿಯ ನಂಬರ್ ಇಟ್ಟುಕೊಂಡು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆ) ನಕಲಿಗೆ ಅರ್ಜಿ ಕೊಡಿ. ಹಿಸ್ಸಾ ಆಗಿ ಹೊಲ ಪಾಲಾಗಿದ್ದರೆ ಮೂಲ ನಂಬರಿನವರೆಗೂ ಹಿಂದೆ ಹೋಗಿ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆದ ಕಡೆ ತೀರಿಕೊಂಡವರ ಹೆಸರೂ ವಾರಸುದಾರರ ಹೆಸರೂ ಒಟ್ಟಿಗೆ ಇರುತ್ತವೆ. ತಂದೆಯ ಹೆಸರು, ಅಣ್ಣತಮ್ಮಂದಿರು, ಪಕ್ಕದ ಹೊಲದವರು ಹೊಂದಿದರೆ ಮಾತ್ರ ಇವರೇ ನಮ್ಮವರು ಅನ್ನಿ. ಹೆಸರೊಂದು ಹೊಂದಿದರೆ ಸಾಲದು, ಒಂದೇ ಊರಲ್ಲಿ ನಾಲ್ಕು ಬಸಪ್ಪಂದಿರು ಇರುತ್ತಾರೆ.

ಉತ್ತರ ಕರ್ನಾಟಕದವರಾದರೆ, ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವ ಹೆಳವರು ನಿಮ್ಮ ಮನೆಗೆ ಬರುತ್ತಿದ್ದರೇ ಅಂತ ಕೇಳಿ. ಬಂದಾಗ ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹಿರಿಯರು ಯಾವ ಊರು ಬಿಟ್ಟು ಬಂದರು ಅನ್ನುವುದು ಅವರ ಮಾತಲ್ಲಿ ಸಿಕ್ಕರೆ, ನೀವು ಅರ್ಜಿ ಕೊಡಬೇಕಾದ ತಾಲ್ಲೂಕೇ ಬೇರೆ ಆಗಬಹುದು.