ಟೈರ್ ಎಲ್ಲಿ ಸವೆದಿದೆ ನೋಡಿ, ಕಾರಣ ಅಲ್ಲೇ ಸಿಗುತ್ತದೆ

ಟೈರ್ ಸವೆಯಿತು ಅಂತ ತಕ್ಷಣ ಹೊಸದು ಹಾಕಿಸಲು ಓಡಬೇಡಿ. ಯಾವ ಜಾಗದಲ್ಲಿ ಸವೆದಿದೆ ಅಂತ ಮೊದಲು ನೋಡಿ. ಕಾರಣ ಸರಿಮಾಡದೆ ಹೊಸ ಟೈರ್ ಹಾಕಿದರೆ ಅದೂ ಹಾಗೇ ಹಾಳಾಗುತ್ತದೆ, ಸಾವಿರಾರು ರೂಪಾಯಿ ಸುಮ್ನೆ ಹೋಗುತ್ತದೆ.

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ. ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಆಗ ಮುಂದಿನ ಟೈರ್‌ನ ಒಳ ಅಂಚೂ ಕಾಣುತ್ತದೆ. ಇದನ್ನು ತಪ್ಪಿಸಬೇಡಿ. ಹೊರಗಿನಿಂದ ಚೆನ್ನಾಗಿಯೇ ಕಾಣುವ ಟೈರ್ ಒಳಗಡೆ ತಂತಿ ಕಾಣುವಷ್ಟು ಸವೆದಿರುವುದುಂಟು, ಅದು ಹೈವೇಯಲ್ಲಿ ಸಿಡಿದಾಗಲೇ ಗೊತ್ತಾದರೆ ಏನು ಗತಿ?

ಈಗ ಗಮನಿಸಿ. ಮಧ್ಯ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿಯಾಗಿದೆ. ಎರಡೂ ಅಂಚು ಸವೆದು ಮಧ್ಯ ಉಳಿದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಸವೆದಿದ್ದರೆ ಹೆಚ್ಚಾಗಿ ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ತಪ್ಪಿರುತ್ತದೆ, ನಮ್ಮ ರಸ್ತೆಗಳಲ್ಲಿ ಒಂದು ದೊಡ್ಡ ಗುಂಡಿಗೆ ಜೋರಾಗಿ ಇಳಿದರೂ ಸಾಕು. ಅಲ್ಲಲ್ಲಿ ತಗ್ಗು ಬಿದ್ದ ಹಾಗಿದ್ದರೆ ಶಾಕ್ ಅಬ್ಸಾರ್ಬರ್ ಮತ್ತು ವೀಲ್ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಇದೆಯೇ ಅಂತ) ಎರಡನ್ನೂ ತೋರಿಸಿ.

ಎಷ್ಟು ಸವೆದರೆ ಬದಲಿಸಬೇಕು? ಟೈರ್ ಮೈಮೇಲಿನ ಕಾಲುವೆಯಂಥ ಗೆರೆಗಳ ಒಳಗೆ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ಉಬ್ಬುಗಳಿರುತ್ತವೆ. ಟೈರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್, ಅಲ್ಲಿಗೆ ಟೈರ್ ಮುಗಿಯಿತು. ಆದರೆ ಮಲೆನಾಡು, ಕರಾವಳಿಯಲ್ಲಿ ಓಡಾಡುವವರು ಅಲ್ಲಿವರೆಗೆ ಕಾಯಬೇಡಿ. 3 ಮಿಲಿಮೀಟರ್‌ಗೆ ಇಳಿದಾಗಲೇ ಬದಲಿಸಿ, ಏಕೆಂದರೆ ಆಳ ಕಡಿಮೆಯಾದಷ್ಟೂ ಟೈರ್ ನೀರನ್ನು ಹೊರಗೆ ತಳ್ಳಲಾರದೆ ಅದರ ಮೇಲೆಯೇ ತೇಲಿ ಜಾರುತ್ತದೆ, ಬ್ರೇಕ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ.

ಗಾಳಿಯ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಟೈರ್ ಪಕ್ಕದಲ್ಲಿ ಬರೆದಿರುವ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆ ಟೈರ್ ತಡೆಯುವ ಗರಿಷ್ಠ ಒತ್ತಡ. ನಿಮ್ಮ ಕಾರಿಗೆ ಬೇಕಾದ್ದು ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರ್‌ನಲ್ಲೋ ಕಾರಿನ ಕೈಪಿಡಿಯಲ್ಲೋ ಇರುತ್ತದೆ. ಗಾಡಿ ತುಂಬ ಜನ, ಲಗೇಜು ಇದ್ದಾಗ ಎಷ್ಟು ಅಂತಲೂ ಅಲ್ಲಿ ಬೇರೆ ಕೊಟ್ಟಿರುತ್ತಾರೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿ, ಎರಡು ವಾರಕ್ಕೊಮ್ಮೆಯಾದರೂ. ದೂರ ಓಡಿಸಿ ಬಂದ ಮೇಲೆ ಒತ್ತಡ ಏರಿರುತ್ತದೆ, ಅದನ್ನು ನೋಡಿ ಗಾಳಿ ಬಿಡಬೇಡಿ, ಆಮೇಲೆ ತಣ್ಣಗಾದಾಗ ಕಡಿಮೆ ಬೀಳುತ್ತದೆ. ನೈಟ್ರೋಜನ್ ಹಾಕಿಸಲೇಬೇಕು ಅಂತೇನಿಲ್ಲ. ಮಾಮೂಲಿ ಗಾಳಿಯಲ್ಲೇ ಶೇಕಡ 78ರಷ್ಟು ನೈಟ್ರೋಜನ್ ಇದೆ ಅಲ್ವಾ.

ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ ಮುಂದಿನ ಚಕ್ರಗಳನ್ನೇ ಓಡಿಸುತ್ತದೆ, ಹಾಗಾಗಿ ಮುಂದಿನ ಟೈರ್ ಬೇಗ ಸವೆಯುತ್ತದೆ. 8,000ದಿಂದ 10,000 ಕಿಲೋಮೀಟರ್‌ಗೊಮ್ಮೆ ಹಿಂದೆ ಮುಂದೆ ಬದಲಿಸಿ. ಪಕ್ಕದಲ್ಲಿ ಬಾಣದ ಗುರುತಿದ್ದರೆ ಅದೇ ಬದಿಯಲ್ಲಿ ಮಾತ್ರ ಬದಲಾಯಿಸಬೇಕು. ಎರಡೇ ಹೊಸ ಟೈರ್ ತಂದರೆ ಹಿಂದಕ್ಕೆ ಹಾಕಿಸಿ, ಒದ್ದೆ ರಸ್ತೆಯ ತಿರುವಿನಲ್ಲಿ ಹಿಂಭಾಗ ಜಾರಿದರೆ ಸಾಮಾನ್ಯ ಚಾಲಕರಿಗೆ ಹಿಡಿತ ಸಿಗುವುದು ಕಷ್ಟ.

ಪಕ್ಕದಲ್ಲಿ ಗುಳ್ಳೆ ಎದ್ದಿದ್ದರೆ ಮಾತ್ರ ತಡ ಮಾಡಬೇಡಿ. ಒಳಗಿನ ದಾರ ಹರಿದಿದೆ ಅಂತ ಅರ್ಥ, ಅದಕ್ಕೆ ರಿಪೇರಿ ಇಲ್ಲ.

ಕೊಳ್ಳುವಾಗ ತಯಾರಾದ ತಾರೀಕನ್ನೂ ನೋಡಿ. ಪಕ್ಕದಲ್ಲಿರುವ ನಾಲ್ಕು ಅಂಕೆಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ; 2424 ಅಂತಿದ್ದರೆ 2024ರ 24ನೇ ವಾರ. ಗಾಳಿ ಹಾಕಿಸುವಾಗ ಸ್ಟೆಪ್ನಿಗೂ ಹಾಕಿಸಿ.