ಗೌರಿ ಹಬ್ಬದ ಮಧ್ಯರಾತ್ರಿ ಬಂದ ‘ಡೈನಮೈಟ್’

2020ರ ಆಗಸ್ಟ್ 21, ಶುಕ್ರವಾರ. ಅವತ್ತು ಗೌರಿ ಹಬ್ಬ. ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ರಾತ್ರಿ ಹನ್ನೆರಡು, ಶಿವಮೊಗ್ಗದಲ್ಲಿ ಬೆಳಗ್ಗೆ ಒಂಬತ್ತೂವರೆ, ಸಿಯೋಲ್‌ನಲ್ಲಿ ಮಧ್ಯಾಹ್ನ ಒಂದು. ಸರಿಯಾಗಿ ಆ ಹೊತ್ತಿಗೆ ದಕ್ಷಿಣ ಕೊರಿಯಾದ ಗಾಯಕರ ತಂಡ ಬಿಟಿಎಸ್‌ನ ಹುಡುಗರ ‘ಡೈನಮೈಟ್’ ಹಾಡು ಬಿಡುಗಡೆ ಆಯಿತು.

ಹೂರಣ ರುಬ್ಬಿ ಮುಚ್ಚಿಟ್ಟು, ಕೈ ತೊಳೆದು ಅಡುಗೆಮನೆಯಲ್ಲೇ ಕೂತಿದ್ದೆ. ವಿಡಿಯೋ ಕಾಲ್‌ನಲ್ಲಿ ನನ್ನ ತಂಗಿಯ ಮಗಳು. ಅವಳ ಹಿಂದೆ ತಂಗಿ ಮೊರದ ಬಾಗಿನ ಜೋಡಿಸುತ್ತಿದ್ದಳು. ಆ ವರ್ಷ ಕೋವಿಡ್‌ನಿಂದಾಗಿ ಊರಿಗೆ ಹೋಗಲು ಆಗಿರಲಿಲ್ಲ. ಹಬ್ಬಕ್ಕೆ ನಾವು ಮೂವರೂ ಒಟ್ಟಿಗೆ ಸೇರಿದ್ದು ಆ ಪುಟ್ಟ ಪರದೆಯ ಮೇಲೆ.

ಬಿಟಿಎಸ್ ಅಭಿಮಾನಿಗಳಿಗೆ ಆರ್ಮಿ ಅಂತ ಹೆಸರು. ಈ ಹುಚ್ಚು ಹತ್ತಿಸಿದ್ದು ಆ ಹುಡುಗಿಯೇ. ಆಗ ನನಗೆ ನಲವತ್ತಾರು. ಲಾಕ್‌ಡೌನ್‌ನ ಆ ದಿನಗಳಲ್ಲಿ ಮನಸ್ಸು ಎತ್ತಿ ನಿಲ್ಲಿಸಿದ್ದು ಆ ಏಳು ಹುಡುಗರ ಹಾಡು. ಹಾಗಾಗಿ ‘ಈ ಸಲ ಹಾಟ್ 100ರಲ್ಲಿ ಮೊದಲ ಸ್ಥಾನ ಬರಲೇಬೇಕು, ದೊಡ್ಡಮ್ಮ’ ಅಂತ ಅವಳು ಅಂದಾಗ ನಾನೂ ಸೊಂಟ ಕಟ್ಟಿ ನಿಂತೆ.

ಬಿಲ್‌ಬೋರ್ಡ್ ಹಾಟ್ 100 ಅಮೆರಿಕದ ಪಟ್ಟಿ. ಅಮೆರಿಕದಲ್ಲಿ ಎಷ್ಟು ಜನ ಹಾಡು ಕೊಂಡರು, ಎಷ್ಟು ಸಲ ಸ್ಟ್ರೀಮ್ ಆಯಿತು, ರೇಡಿಯೋದಲ್ಲಿ ಎಷ್ಟು ಜನರ ಕಿವಿಗೆ ಬಿತ್ತು, ಈ ಮೂರನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಶಿವಮೊಗ್ಗದಲ್ಲಿ ಕೂತು ಸಾವಿರ ಸಲ ಕೇಳಿದರೂ ಅದು ಈ ಲೆಕ್ಕಕ್ಕೆ ಬರಲ್ಲ. ಪಾಪ, ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ‘ನೀವು ಅಲ್ಲಿದ್ದೀರಲ್ಲ, ನೀವು ಮಾಡಿ. ನಾನು ಹೇಳ್ಕೊಡ್ತೀನಿ’ ಅಂದಳು.

ಈ ಪಟ್ಟಿ ಕೊರಿಯಾದವರನ್ನು ಎಷ್ಟು ಕಾಡಿಸಿತ್ತು ಅಂತ ಅವಳಿಂದಲೇ ತಿಳಿದದ್ದು. 2012ರಲ್ಲಿ ಕೊರಿಯಾದ ಗಾಯಕ ಸೈ ಹಾಡಿದ ‘ಗಂಗ್ನಮ್ ಸ್ಟೈಲ್’ಗೆ ಜಗತ್ತೇ ಕುಣಿಯಿತು, ಅಲ್ವಾ? ಆದರೂ ಹಾಟ್ 100ರಲ್ಲಿ ಏಳು ವಾರ ಎರಡನೇ ಸ್ಥಾನದಲ್ಲೇ ನಿಂತುಬಿಟ್ಟಿತು. ಆಗ ಯೂಟ್ಯೂಬ್ ನೋಟಗಳನ್ನು ಎಣಿಸುತ್ತಿರಲಿಲ್ಲ. ಎಣಿಸಲು ಶುರುಮಾಡಿದ್ದು 2013ರ ಫೆಬ್ರವರಿಯಲ್ಲಿ. ಬಿಟಿಎಸ್‌ನವರದೇ ‘ಆನ್’ 2020ರ ಮಾರ್ಚ್‌ನಲ್ಲಿ ನಾಲ್ಕನೇ ಸ್ಥಾನದವರೆಗೆ ಬಂದಿತ್ತು. ಅಲ್ಲಿಂದ ಮೇಲೇರಲು ರೇಡಿಯೋ ಬೇಕು. ಅಮೆರಿಕದ ರೇಡಿಯೋದವರು ಕೊರಿಯನ್ ಹಾಡನ್ನು ಹಾಕುವುದೇ ಕಮ್ಮಿ. ‘ಡೈನಮೈಟ್’ ಅವರ ಮೊದಲ ಪೂರ್ತಿ ಇಂಗ್ಲಿಷ್ ಹಾಡು. ಬರೆದವರು ಡೇವಿಡ್ ಸ್ಟುವರ್ಟ್ ಮತ್ತು ಜೆಸ್ಸಿಕಾ ಅಗೊಂಬಾರ್. ಡಿಸ್ಕೋ ಕಾಲದ ಕುಣಿತ, ತುತ್ತೂರಿಯ ಸದ್ದು. ಮೊದಲ ಸಲ ಕೇಳುತ್ತಲೇ ನನ್ನ ಕಾಲು ತಾಳ ಹಾಕತೊಡಗಿತು.

ಮೊದಲು ಕೊಂಡುಕೊಂಡೆ. ಐಟ್ಯೂನ್ಸ್‌ನಲ್ಲಿ 69 ಸೆಂಟ್. ಹಾಡಿಗೊಂದು, ಬರೀ ವಾದ್ಯದ ರೂಪಕ್ಕೊಂದು. ಸೋಮವಾರ ಅದೇ ಹಾಡಿನ ಅಕೌಸ್ಟಿಕ್ ಮತ್ತು ಇಡಿಎಂ (ಎಲೆಕ್ಟ್ರಾನಿಕ್ ಕುಣಿತದ ಸಂಗೀತ) ರೂಪಗಳು ಬಂದವು, ಅವನ್ನೂ ಕೊಂಡೆ. ಎಲ್ಲವೂ ಒಂದೇ ಹಾಡಿನ ಖಾತೆಗೆ ಸೇರುತ್ತವೆ. ಇದು ಮೋಸ ಅಂತ ಕೆಲವರು ಬರೆದರು. ನಾನು ಒಪ್ಪಲ್ಲ. ರೀಮಿಕ್ಸ್ ಬಿಡುವುದು, ಬೆಲೆ ಇಳಿಸುವುದು ಅಮೆರಿಕದ ಗಾಯಕರೂ ಮಾಡುತ್ತಾರೆ. ಬೇಕು ಅನ್ನಿಸಿ ದುಡ್ಡು ಕೊಟ್ಟು ಕೊಂಡದ್ದು ಮೋಸ ಹೇಗಾಗುತ್ತದೆ?

ಸ್ಟ್ರೀಮಿಂಗ್‌ನಲ್ಲಿ ನಾನು ಎಡವಿದೆ. ಮೊದಲ ರಾತ್ರಿ ಫೋನಿನ ಸದ್ದು ಪೂರ್ತಿ ತೆಗೆದು, ಅದೇ ಹಾಡು ಮತ್ತೆ ಮತ್ತೆ ಬರುವ ಹಾಗಿಟ್ಟು ಮಲಗಿಬಿಟ್ಟೆ. ಬೆಳಗ್ಗೆ ಖುಷಿಯಿಂದ ಹೇಳಿದರೆ ಅವಳ ಮುಖ ಬಾಡಿತು. ನೋಟ್‌ಬುಕ್ಕಿನ ಹಾಳೆಯೊಂದನ್ನು ಕ್ಯಾಮೆರಾಕ್ಕೆ ಹಿಡಿದಳು. ನೀಲಿ ಪೆನ್ನಿನಲ್ಲಿ ದುಂಡಗೆ ಬರೆದಿದ್ದಳು: ಮ್ಯೂಟ್ ಬೇಡ. ಲೂಪ್ ಬೇಡ. ನಡುವೆ ಎರಡು ಮೂರು ಬೇರೆ ಹಾಡು. ಯೂಟ್ಯೂಬ್‌ನಲ್ಲಿ ಹೆಸರು ಟೈಪ್ ಮಾಡಿ ಹುಡುಕಿ ನೋಡಿ. ದುಡ್ಡು ಕಟ್ಟುವ ಖಾತೆಯಲ್ಲೇ ಕೇಳಿ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು. ಬಿಟ್ಟಿ ಖಾತೆಯ ಸ್ಟ್ರೀಮಿಗಿಂತ ದುಡ್ಡು ಕಟ್ಟಿದ ಖಾತೆಯ ಸ್ಟ್ರೀಮಿಗೆ ಬಿಲ್‌ಬೋರ್ಡ್ ಜಾಸ್ತಿ ತೂಕ ಕೊಡುತ್ತದೆ.

‘ಯಂತ್ರ ಕೇಳಿದ ಹಾಗೆ ಕೇಳ್ಬೇಡಿ ದೊಡ್ಡಮ್ಮ, ಲೆಕ್ಕಕ್ಕೆ ಬರದೇ ಹೋಗ್ಬಹುದು. ಮನುಷ್ಯರು ಕೇಳೋ ಹಾಗೆ ಕೇಳಿ’ ಅಂದಳು.

ಆಮೇಲೆ ಹಾಗೇ ಕೇಳಿದೆ. ಕಡುಬಿಗೆ ಹೂರಣ ತುಂಬುತ್ತಾ ಒಂದು ಸಲ. ಮಾರನೇ ದಿನ ಗಣಪತಿ ಕೂರಿಸಿ, ಮಂಗಳಾರತಿ ಮುಗಿಸಿ, ಪಾತ್ರೆ ತೊಳೆಯುವಾಗ ಒಂದು ಸಲ. ನಡುವೆ ಬೇರೆ ಹಾಡು ಬೇಕಲ್ಲ, ಭಾವಗೀತೆ ಹಾಕಿದೆ. ಬಿಟಿಎಸ್‌ನ ಹಳೆಯ ಹಾಡುಗಳನ್ನೂ ಸೇರಿಸಿದೆ. ಎಂಟು ದಿನದಲ್ಲಿ, ಆ ಏಳು ಹುಡುಗರಲ್ಲಿ ಜಂಗ್‌ಕುಕ್ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಜಿಮಿನ್ ದನಿ ಎಲ್ಲಿ ಮೇಲೇರುತ್ತದೆ ಅಂತ ಬಾಯಿಪಾಠ ಆಗಿತ್ತು.

ರೇಡಿಯೋಗೂ ಫೋನ್ ಮಾಡಿದೆ. ನಮ್ಮ ಕಡೆಯ ಒಂದು ಸ್ಟೇಷನ್‌ನಲ್ಲಿ ಫೋನ್ ಎತ್ತಿದಾತ ‘ಓ, ಆ ಕೊರಿಯನ್ ಹುಡುಗರಾ’ ಅಂದು, ನನ್ನ ಮಾತು ಮುಗಿಯುವ ಮೊದಲೇ ಇಟ್ಟುಬಿಟ್ಟ. ತುಂಬಾ ನೋವಾಯಿತು. ಬೇರೆ ದೇಶದಿಂದ ಬಂದು ಇಲ್ಲಿ ನೆಲೆಸಿದವರಿಗೆ ಆ ‘ಆ’ ಅನ್ನುವ ಅಕ್ಷರದ ಭಾರ ಗೊತ್ತು. ಮಾರನೇ ದಿನ ಇನ್ನೊಂದು ಸ್ಟೇಷನ್‌ಗೆ ಮಾಡಿದೆ. ಅಲ್ಲಿನ ಹೆಂಗಸು ನನ್ನ ಹೆಸರು, ಊರು ಕೇಳಿ, ಸಂಜೆ ಹಾಡು ಹಾಕಿದಳು. ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಕೇಳಿದೆ. ಮೊಬೈಲಿನಲ್ಲಿ ನೂರು ಸಲ ಕೇಳಿದ್ದ ಹಾಡು, ಆದರೆ ಗುರುತಿಲ್ಲದ ಎಷ್ಟೋ ಜನ ಅದೇ ಹೊತ್ತಿಗೆ ಕೇಳುತ್ತಿದ್ದಾರೆ ಅನ್ನಿಸಿದ್ದು ಅವತ್ತೇ.

ಅತ್ತ ಅವಳ ಶ್ರಮವೂ ಸುಮ್ನೆ ಹೋಗಲಿಲ್ಲ. ಯೂಟ್ಯೂಬ್‌ನ ಮೊದಲ 24 ಗಂಟೆಯ ಎಣಿಕೆಗೆ ದೇಶದ ಗಡಿ ಇಲ್ಲ. ಹಬ್ಬದ ದಿನ ಪೂರ್ತಿ ತಂಗಿಯ ಮನೆಯ ಟಿವಿಯಲ್ಲಿ ಅದೇ ವಿಡಿಯೋ. ಆ 24 ಗಂಟೆಯಲ್ಲಿ 10.11 ಕೋಟಿ ನೋಟ, ಅವತ್ತಿನ ಮಟ್ಟಿಗೆ ಅದು ದಾಖಲೆ.

ಹಾಟ್ 100ರ ಫಲಿತಾಂಶ ಬಂದದ್ದು ಆಗಸ್ಟ್ 31, ಸೋಮವಾರ. ಶಿವಮೊಗ್ಗದಲ್ಲಿ ರಾತ್ರಿ ಆಗಿತ್ತು, ಅವಳು ಮಲಗಿರಲಿಲ್ಲ. ಮೊದಲ ವಾರ ಅಮೆರಿಕದಲ್ಲಿ 3 ಲಕ್ಷ ಮಾರಾಟ, 3.39 ಕೋಟಿ ಸ್ಟ್ರೀಮ್. ಸೆಪ್ಟೆಂಬರ್ 5ರ ತಾರೀಖಿನ ಪಟ್ಟಿಯಲ್ಲಿ ‘ಡೈನಮೈಟ್’ ನೇರವಾಗಿ ಮೊದಲ ಸ್ಥಾನಕ್ಕೇ ಬಂತು. ಎಲ್ಲರೂ ದಕ್ಷಿಣ ಕೊರಿಯಾದವರೇ ಇರುವ ತಂಡ ಅಲ್ಲಿಗೆ ಏರಿದ್ದು ಅದೇ ಮೊದಲು. ಕೊರಿಯಾದಲ್ಲಿ ಆಗಲೇ ಸೆಪ್ಟೆಂಬರ್ 1 ಶುರುವಾಗಿತ್ತು, ಜಂಗ್‌ಕುಕ್ ಹುಟ್ಟಿದ ದಿನ. ಫೋನಿನ ಆ ಕಡೆ ಅವಳು ಬಾಯಿಗೆ ದಿಂಬು ಒತ್ತಿಕೊಂಡು ಕಿರುಚಿದ್ದು ನನಗೆ ಕೇಳಿಸಿತು. ಮನೆಯವರೆಲ್ಲ ಮಲಗಿದ್ದರು.

ಮೊದಲ ವಾರವನ್ನು ಗೆದ್ದುಕೊಟ್ಟದ್ದು ಅಭಿಮಾನಿಗಳು, ಅದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಆದರೆ ಆ ಹಾಡು ಒಟ್ಟು ಮೂರು ವಾರ ಮೊದಲ ಸ್ಥಾನದಲ್ಲಿತ್ತು, 32 ವಾರ ಪಟ್ಟಿಯಲ್ಲಿ ಉಳಿಯಿತು. ಬರೀ ಅಭಿಮಾನಿಗಳಿಂದ ಅಷ್ಟು ದಿನ ನಿಲ್ಲುವುದು ಕಷ್ಟ. ಅಂಗಡಿಯಲ್ಲಿ, ಕಾರಿನಲ್ಲಿ, ಬಿಟಿಎಸ್ ಹೆಸರೇ ಕೇಳದವರೂ ಗುನುಗಿದರು. ನಮ್ಮ ಬೀದಿಯ ಅಂಚೆಯಾತ ಗುನುಗುವುದನ್ನು ನಾನೇ ಕೇಳಿದ್ದೇನೆ.

ಅದೇ ಸೆಪ್ಟೆಂಬರ್‌ನಲ್ಲಿ ಬಿಲ್‌ಬೋರ್ಡ್ ‘ಗ್ಲೋಬಲ್ 200’ ಅಂತ ಹೊಸ ಪಟ್ಟಿ ಶುರುಮಾಡಿತು. ಇನ್ನೂರಕ್ಕೂ ಹೆಚ್ಚು ದೇಶ, ಪ್ರಾಂತ್ಯಗಳ ಲೆಕ್ಕ ಅದರಲ್ಲಿ. ಸುದ್ದಿ ನೋಡಿದ ಕೂಡಲೇ ಅವಳು ಫೋನ್ ಮಾಡಿದಳು.

‘ದೊಡ್ಡಮ್ಮ, ಇನ್ಮೇಲೆ ನಾನೂ ಲೆಕ್ಕಕ್ಕೆ ಬರ್ತೀನಿ’ ಅಂದಳು.